8 ಜಿಬಿ ಕಾರ್ಡ್‌ನಲ್ಲಿ 11 ಜಿಬಿ ಬಳಕೆ: ಮೂರು ಕಂಪನಿಯ ಜಿಪಿಯುಗಳಿಗೆ ಒಂದು ಟೂಲ್ ಕಟ್ಟಿದ್ದು

ನನ್ನ ಗ್ರಾಫಿಕ್ಸ್ ಕಾರ್ಡ್‌ನಲ್ಲಿ, ಅಂದರೆ ಜಿಪಿಯುನಲ್ಲಿ, ಇರೋದೇ 8 ಜಿಬಿ ಮೆಮೊರಿ. ನಾನೇ ಬರೆದ ಟೂಲ್ ಮಾತ್ರ "ಬಳಕೆ: 11 ಜಿಬಿ" ಅಂತ ತೋರಿಸುತ್ತಿತ್ತು. ಅದೂ ಹಸಿರು ಬಣ್ಣದಲ್ಲಿ, ಎಲ್ಲಾ ಸರಿ ಇದೆ ಅನ್ನೋ ಹಾಗೆ.

ಆ 3 ಜಿಬಿ ಎಲ್ಲಿಂದ ಬಂತು ಅಂತ ಆಮೇಲೆ ಹೇಳುತ್ತೇನೆ. ಮೊದಲು ಈ ಟೂಲ್ ಯಾಕೆ ಬೇಕಾಯಿತು ಅನ್ನೋದು. ನನ್ನ ಡೆಸ್ಕ್‌ಟಾಪ್‌ನಲ್ಲಿ ಎರಡು ಕಾರ್ಡ್ ಇವೆ. ಒಂದು ಎಎಂಡಿಯ ಆರ್‌ಎಕ್ಸ್ 6600, ಇನ್ನೊಂದು ಇಂಟೆಲ್‌ನ ಆರ್ಕ್ ಬಿ580. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಯಾ. ಇದಲ್ಲದೆ ನಾಲ್ಕೈದು ಜನ ಹಂಚಿಕೊಂಡು ಬಳಸುವ ಒಂದು ಸರ್ವರ್, ಅದರಲ್ಲೂ ಎನ್‌ವಿಡಿಯಾ. ನಾನು ಚಿಕ್ಕ ಭಾಷಾ ಮಾಡೆಲ್‌ಗಳನ್ನು ಓಡಿಸುತ್ತೇನೆ. ಓಡಿಸುವ ಮೊದಲು ಗೊತ್ತಾಗಬೇಕಾದದ್ದು ಒಂದೇ: ಯಾವ ಕಾರ್ಡ್‌ನಲ್ಲಿ ಜಾಗ ಇದೆ?

ಒಂದೊಂದು ಕಂಪನಿಗೆ ಒಂದೊಂದು ಟೂಲ್ ಇದೆ. ಎಎಂಡಿಗೆ ರೇಡಿಯಾನ್‌ಟಾಪ್, ಇಂಟೆಲ್‌ಗೆ ಇಂಟೆಲ್ ಜಿಪಿಯು ಟಾಪ್, ಎನ್‌ವಿಡಿಯಾಗೆ ಎನ್‌ವಿಡಿಯಾ-ಎಸ್‌ಎಂಐ. "ಮೂರಕ್ಕೂ ಸೇರಿ ಎನ್‌ವಿಟಾಪ್ ಇದೆ ಅಲ್ವಾ" ಅಂತ ನೀವು ಕೇಳಬಹುದು. ಇದೆ, ಸಿ ಭಾಷೆಯಲ್ಲಿ ಬರೆದದ್ದು, ಚೆನ್ನಾಗೇ ಇದೆ. ಆದರೆ ಅದು ಮನುಷ್ಯರು ಕೂತು ನೋಡುವ ಪರದೆ. ನನಗೆ ಬೇಕಿದ್ದದ್ದು ಸ್ಕ್ರಿಪ್ಟ್ ಕೇಳಿದಾಗ "ಎರಡನೇ ಕಾರ್ಡ್, 7 ಜಿಬಿ ಖಾಲಿ" ಅಂತ ಒಂದು ಸಾಲು ಹೇಳಿ ಸುಮ್ಮನಾಗುವ ಚಿಕ್ಕ ಟೂಲ್. ನಿಜ ಹೇಳಬೇಕೆಂದರೆ, ಬರೆಯೋ ಆಸೆಯೂ ಇತ್ತು.

ಮೊದಲು ಪೈಥಾನ್

ಪೈಥಾನ್‌ನಲ್ಲಿ ಶುರು ಮಾಡಿದೆ. ಇದಕ್ಕೆ ಯೋಚನೆ ಏನೂ ಮಾಡಲಿಲ್ಲ. ಏನು ಬೇಕು ಅಂತಲೇ ಗೊತ್ತಿಲ್ಲದಾಗ ಪೈಥಾನ್‌ಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಲಿನಕ್ಸ್‌ನಲ್ಲಿ ಎಎಂಡಿ ಕಾರ್ಡ್‌ನ ಮಾಹಿತಿ ಪಡೆಯೋದು ಬಹಳ ಸುಲಭ. ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೆ ಕಾರ್ಡನ್ನು ನಡೆಸುವ ಎಎಂಡಿಜಿಪಿಯು ಡ್ರೈವರ್ ಎಲ್ಲವನ್ನೂ ಸಿಸ್‌ಎಫ್‌ಎಸ್ ಅನ್ನೋ ಫೋಲ್ಡರ್‌ನಲ್ಲಿ ಫೈಲ್‌ಗಳಾಗಿ ಇಟ್ಟಿರುತ್ತದೆ. ಒಟ್ಟು ಮೆಮೊರಿಗೆ ಒಂದು ಫೈಲ್, ಬಳಕೆಯಾದ ಮೆಮೊರಿಗೆ ಇನ್ನೊಂದು, ಕಾರ್ಡ್ ಎಷ್ಟು ಪರ್ಸೆಂಟ್ ಬ್ಯುಸಿ ಅನ್ನೋದಕ್ಕೆ ಮತ್ತೊಂದು. ಒಟ್ಟು ಮೆಮೊರಿ ಫೈಲ್ ತೆರೆದರೆ 8573157376 ಅಂತ ಒಂದೇ ಸಾಲು. ಇದು ಬೈಟ್ ಲೆಕ್ಕ, ಅಂದರೆ 8176 ಎಂಬಿ. ಪೂರ್ತಿ 8192 ಯಾಕಿಲ್ಲ ಅಂತ ಗಾಬರಿಯಾಗಬೇಡಿ, ಉಳಿದದ್ದನ್ನು ಕಾರ್ಡ್ ತನಗೆ ಅಂತ ಎತ್ತಿಟ್ಟುಕೊಂಡಿರುತ್ತದೆ. ಬಿಸಿ ನೋಡಬೇಕೆಂದರೆ 54000 ಅಂತ ಸಿಗುತ್ತದೆ, ಸಾವಿರದಿಂದ ಭಾಗಿಸಿದರೆ 54 ಡಿಗ್ರಿ. ಹತ್ತು ಸಾಲು ಕೋಡ್ ಸಾಕು.

ಆ ಹತ್ತು ಸಾಲಲ್ಲೇ ಎರಡು ತಪ್ಪು ಮಾಡಿದೆ. ಕಾರ್ಡ್ ಹುಡುಕುವಾಗ "ಕಾರ್ಡ್ ಅಂತ ಶುರುವಾಗುವ ಎಲ್ಲ ಫೋಲ್ಡರ್" ಅಂತ ಬರೆದಿದ್ದೆ. ಆದರೆ ಅಲ್ಲಿ ಕಾರ್ಡ್1 ಜೊತೆಗೆ ಕಾರ್ಡ್1-ಡಿಪಿ-1, ಕಾರ್ಡ್1-ಎಚ್‌ಡಿಎಂಐ-ಎ-1 ಅಂತ ಮಾನಿಟರ್ ಸಿಕ್ಕಿಸುವ ಒಂದೊಂದು ತೂತಿಗೂ ಒಂದು ಫೋಲ್ಡರ್ ಇರುತ್ತದೆ. ಟೂಲ್ ಅವನ್ನೂ ಕಾರ್ಡ್ ಅಂದುಕೊಂಡು ಒಳಗೆ ಹೋಗಿ, ಫೈಲ್ ಇಲ್ಲ ಅಂತ ಬಿದ್ದುಹೋಯಿತು. ಎರಡನೆಯದು, ಬಿಸಿ ಅಳೆಯುವ ಫೋಲ್ಡರ್‌ನ ನಂಬರನ್ನು ನೇರವಾಗಿ ಕೋಡ್‌ನಲ್ಲಿ ಬರೆದಿದ್ದೆ. ರೀಬೂಟ್ ಆದ ಮೇಲೆ ಆ ನಂಬರ್ ಬೇರೆಯಾಗಿತ್ತು. ಜಿಪಿಯು ಬಿಸಿ ಅಂದುಕೊಂಡು ಅರ್ಧ ದಿನ ಎಸ್‌ಎಸ್‌ಡಿಯ ಬಿಸಿ ನೋಡುತ್ತಿದ್ದೆ. ಇಷ್ಟು ತಣ್ಣಗಿದೆಯಲ್ಲ ಅಂತ ಖುಷಿಯೂ ಪಟ್ಟೆ.

ಕಂಪನಿ ನಂಬರ್‌ಗಳಲ್ಲಿ ಅಡಗಿರುವ ಚರಿತ್ರೆ

ಯಾವ ಕಾರ್ಡ್ ಯಾವ ಕಂಪನಿಯದು ಅಂತ ತಿಳಿಯೋಕೆ ಪಿಸಿಐ ವೆಂಡರ್ ನಂಬರ್, ಅಂದರೆ ಚಿಪ್ ಮಾಡಿದ ಕಂಪನಿಯ ಗುರುತಿನ ನಂಬರ್, ನೋಡಬೇಕು. ಹೆಕ್ಸ್‌ನಲ್ಲಿ (16ರ ಲೆಕ್ಕದ ಸಂಖ್ಯೆ) ಇಂಟೆಲ್ 8086, ಎನ್‌ವಿಡಿಯಾ 10ಡಿಇ, ಎಎಂಡಿ ಕಾರ್ಡ್‌ಗಳು 1002. ಇದು ಕೋಡ್‌ನಲ್ಲಿ ಮೂರು ಸಾಲು. ಆದರೆ ಈ ಪಟ್ಟಿ ತೆರೆದು ಕೂತರೆ ಎದ್ದೇಳೋಕೆ ಮನಸ್ಸಾಗಲ್ಲ.

ಇಂಟೆಲ್ ತನ್ನ 1978ರ 8086 ಚಿಪ್‌ನ ಹೆಸರನ್ನೇ ನಂಬರ್ ಮಾಡಿಕೊಂಡಿದೆ. ಎಎಂಡಿಯ ಸ್ವಂತ ನಂಬರ್ 1022. ಹಾಗಾದರೆ ಅದರ ಗ್ರಾಫಿಕ್ಸ್ ಕಾರ್ಡ್‌ಗಳ ಮೇಲಿರುವ 1002 ಯಾರದು? ಎಟಿಐದು. 2006ರಲ್ಲಿ ಎಎಂಡಿ ಎಟಿಐ ಕಂಪನಿಯನ್ನು ಕೊಂಡಿತು, ಬ್ರಾಂಡ್ ಹೆಸರು ಹೋಯಿತು, ನಂಬರ್ ಉಳಿಯಿತು. ನನ್ನ 6600 ಕೂಡ "ನಾನು ಎಟಿಐ ಮನೆಯವನು" ಅಂತಲೇ ಹೇಳುತ್ತದೆ. ಎಸ್3 ಅನ್ನೋ ಹಳೆಯ ಕಂಪನಿಯ ನಂಬರ್ 5333. ಅಕ್ಷರಗಳಿಗೆ ನಂಬರ್ ಕೊಡುವ ಆಸ್ಕಿ ಪಟ್ಟಿಯಲ್ಲಿ 53 ಅಂದರೆ ಎಸ್ ಅಕ್ಷರ, 33 ಅಂದರೆ 3. ಯಾರೋ ನಗುತ್ತಾ ಆರಿಸಿದ್ದಿರಬೇಕು. 3ಡಿಎಫ್‌ಎಕ್ಸ್‌ನ 121ಎ ಕೂಡ ಪಟ್ಟಿಯಲ್ಲಿದೆ. ಒಂದು ಕಾಲದಲ್ಲಿ ಗೇಮ್ ಆಡುವವರೆಲ್ಲ ಹಂಬಲಿಸಿದ ಕಾರ್ಡ್ ಅದು. 2000ದ ಕೊನೆಯಲ್ಲಿ ಅದರ ಆಸ್ತಿ ಎನ್‌ವಿಡಿಯಾಗೆ ಹೋಯಿತು.

ತೊಂಬತ್ತರ ದಶಕದಲ್ಲಿ ಈ ಟೂಲ್ ಬರೆದಿದ್ದರೆ ಎಷ್ಟು ಕಂಪನಿಗಳಿಗೆ ಕೋಡ್ ಬರೆಯಬೇಕಿತ್ತೋ. ಈಗ ಮೂರಕ್ಕೆ ಬರೆದರೆ ಮುಗಿಯಿತು. ಅದರಲ್ಲೂ ಬಿಡಿಯಾಗಿ ಮಾರುವ ಕಾರ್ಡ್‌ಗಳಲ್ಲಿ ಹತ್ತಕ್ಕೆ ಒಂಬತ್ತು ಎನ್‌ವಿಡಿಯಾದ್ದೇ. ಇಂಟೆಲ್ 1998ರಲ್ಲಿ ಐ740 ಅಂತ ಒಂದು ಕಾರ್ಡ್ ತಂದು ಕೈಬಿಟ್ಟಿತ್ತು. ಮತ್ತೆ ಗಟ್ಟಿಯಾಗಿ ಬಂದಿದ್ದು 2022ರಲ್ಲಿ, ಆರ್ಕ್ ಹೆಸರಿನಲ್ಲಿ. ನನ್ನ ಬಿ580 ಅದರ ಮುಂದಿನ ಪೀಳಿಗೆ, 2024ರ ಡಿಸೆಂಬರ್‌ನದು. 12 ಜಿಬಿ ಮೆಮೊರಿ ಇದೆ ಅನ್ನೋ ಒಂದೇ ಕಾರಣಕ್ಕೆ ಅದನ್ನು ತೆಗೆದುಕೊಂಡೆ. ಹಿಂದೆ ಬಿದ್ದವರು ಮೆಮೊರಿ ಜಾಸ್ತಿ ಕೊಟ್ಟು ಕರೆಯುತ್ತಾರೆ. ನನ್ನಂಥವರು ಹೋಗುತ್ತೇವೆ.

ಸರ್ವರ್‌ನಲ್ಲಿ ಮೊದಲ ಸಲ ಓಡಿಸಿದಾಗ ಒಂದು ಅಪರಿಚಿತ ಕಾರ್ಡ್ ಬಂತು, 1ಎ03. ಅದು ಆಸ್ಪೀಡ್ ಕಂಪನಿಯ ಚಿಪ್. ದೂರದಿಂದ ಸರ್ವರ್‌ನ ಪರದೆ ನೋಡೋಕೆ ಮದರ್‌ಬೋರ್ಡ್ ಮೇಲೆ ಇರುವಂಥದ್ದು. ಅಲ್ಲಿ ಕಾರ್ಡ್0 ಅಂದರೆ ಅದೇ. ನನ್ನ ಸ್ಕ್ರಿಪ್ಟ್ "ಮೊದಲ ಕಾರ್ಡ್ ಖಾಲಿ ಇದೆ" ಅಂತ ಮಾಡೆಲನ್ನು ಅದರ ಮೇಲೆ ಹೇರಲು ಹೊರಟಿತ್ತು.

11 ಜಿಬಿ ಎಲ್ಲಿಂದ ಬಂತು

ಒಟ್ಟು ಬಳಕೆ ಗೊತ್ತಾದರೆ ಸಾಲದು, ಯಾವ ಪ್ರೋಗ್ರಾಂ ಎಷ್ಟು ತಿಂದಿದೆ ಅಂತಲೂ ಬೇಕು. ಲಿನಕ್ಸ್‌ನಲ್ಲಿ ಇದಕ್ಕೆ ಎಫ್‌ಡಿಇನ್ಫೊ ಇದೆ. ಒಂದು ಪ್ರೋಗ್ರಾಂ ಜಿಪಿಯು ತೆರೆದಾಗ ಅದಕ್ಕೊಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್‌ಗೆ ಕರ್ನಲ್ ಕೊಡುವ ಟೋಕನ್) ಸಿಗುತ್ತದೆ. ಓಡುತ್ತಿರುವ ಪ್ರೋಗ್ರಾಂಗಳ ವಿವರ ಇರುವ ಪ್ರಾಕ್ ಫೋಲ್ಡರ್ ಒಳಗೆ ಆ ಡಿಸ್ಕ್ರಿಪ್ಟರ್‌ನ ಮಾಹಿತಿ ಓದಿದರೆ ಡ್ರೈವರ್ ಹೆಸರು, ಕಾರ್ಡ್‌ನ ವಿಳಾಸ, ಬಳಸಿದ ಮೆಮೊರಿ, ಎಂಜಿನ್ ಓಡಿದ ಸಮಯ ಎಲ್ಲ ಸಾಲಾಗಿ ಬರೆದಿರುತ್ತದೆ.

ನಾನು ಎಲ್ಲ ಪ್ರೋಗ್ರಾಂಗಳ ಎಲ್ಲ ಡಿಸ್ಕ್ರಿಪ್ಟರ್‌ಗಳನ್ನು ಓದಿ ಮೆಮೊರಿ ಕೂಡಿಸಿದೆ. 11 ಜಿಬಿ ಬಂತು. ಕರ್ನಲ್‌ನ ಒಟ್ಟು ಲೆಕ್ಕದ ಫೈಲ್ ಮಾತ್ರ ಸುಮಾರು 5 ಅಂತ ಹೇಳುತ್ತಿತ್ತು. ಯಾರು ಸುಳ್ಳು? ಯಾರೂ ಅಲ್ಲ. ಒಂದು ಪ್ರೋಗ್ರಾಂ ಮೂರು ಡಿಸ್ಕ್ರಿಪ್ಟರ್ ಇಟ್ಟುಕೊಂಡಿತ್ತು. ಮೂರರಲ್ಲೂ "ಡಿಆರ್‌ಎಂ-ಕ್ಲೈಂಟ್-ಐಡಿ: 57" ಅಂತಿತ್ತು. ಅಂದರೆ ಒಂದೇ ಬಾಗಿಲಿಗೆ ಮೂರು ಕೀ. ಅದು ತಿಂದಿದ್ದು 3 ಜಿಬಿ, ನಾನು ಮೂರು ಸಲ ಎಣಿಸಿ 9 ಮಾಡಿದ್ದೆ. ಉಳಿದವರದು 2. ಒಟ್ಟು 11.

ಕರ್ನಲ್‌ನ ದಾಖಲೆಯಲ್ಲೇ ಇದನ್ನು ಬರೆದಿದ್ದಾರೆ: ಕಾರ್ಡ್‌ನ ವಿಳಾಸ ಮತ್ತು ಕ್ಲೈಂಟ್ ಐಡಿ ಎರಡನ್ನೂ ಸೇರಿಸಿ ಗುರುತು ಮಾಡಿ, ಒಂದು ಸಲ ಮಾತ್ರ ಎಣಿಸಿ ಅಂತ. ಓದಿರಲಿಲ್ಲ ಅಷ್ಟೆ. ಐಡಿ ಒಂದೇ ಸಾಲದು, ಯಾಕೆಂದರೆ ಇನ್ನೊಂದು ಕಾರ್ಡ್‌ನಲ್ಲೂ 57ನೇ ಕ್ಲೈಂಟ್ ಇರಬಹುದು. ಪೈಥಾನ್‌ನಲ್ಲಿ ಒಂದು ಸೆಟ್ (ಒಂದನ್ನೇ ಎರಡು ಸಲ ಇಟ್ಟುಕೊಳ್ಳದ ಪಟ್ಟಿ) ಸೇರಿಸಿದೆ, ಸರಿಹೋಯಿತು.

ಇನ್ನೊಂದು ತೊಂದರೆ: ಟೂಲ್ ತಾನೇ ಸಿಪಿಯು ತಿನ್ನುತ್ತಿತ್ತು. ಯಾವ ಪ್ರೋಗ್ರಾಂ ಎಷ್ಟು ತಿನ್ನುತ್ತಿದೆ ಅಂತ ತೋರಿಸುವ ಟಾಪ್‌ನಲ್ಲಿ ನೋಡಿದರೆ ಮೇಲಿನ ಸಾಲಲ್ಲಿ ಅದೇ. ಪ್ರತಿ ಸೆಕೆಂಡಿಗೆ ಸಾವಿರಾರು ಫೈಲ್ ತೆರೆದು ಮುಚ್ಚುತ್ತಿತ್ತು. "ಪೈಥಾನ್ ನಿಧಾನ, ಭಾಷೆ ಬದಲಿಸೋಣ" ಅಂತ ಕೈ ತುರಿಸಿತು. ಆದರೆ ಮೊದಲು ಒಂದು ಚಿಕ್ಕ ಬದಲಾವಣೆ ಮಾಡಿ ನೋಡಿದೆ. ಪ್ರತಿ ಡಿಸ್ಕ್ರಿಪ್ಟರ್ ಎಲ್ಲಿಗೆ ಕೊಂಡಿ ಹಾಕಿದೆ ಅಂತ ಮೊದಲು ನೋಡುವುದು, ಅದು ಜಿಪಿಯು ಫೋಲ್ಡರ್ ಕಡೆಗಿದ್ದರೆ ಮಾತ್ರ ಒಳಗಿನದನ್ನು ಓದುವುದು. ಸಾವಿರಾರು ಫೈಲ್ ಇದ್ದದ್ದು ಕೆಲವು ಡಜನ್‌ಗೆ ಇಳಿಯಿತು. ಟೂಲ್ ಟಾಪ್‌ನಿಂದ ಕೆಳಗೆ ಜಾರಿ ಮಾಯವಾಯಿತು. ಪೈಥಾನ್‌ನಲ್ಲೇ.

ಹಾಗಾಗಿ "ವೇಗಕ್ಕೋಸ್ಕರ ಭಾಷೆ ಬದಲಿಸಿದೆ" ಅಂತ ನಾನು ಹೇಳಿಕೊಳ್ಳುವ ಹಾಗಿಲ್ಲ. ಬೇರೆಯವರು ಹೇಳಬಹುದು. ಟೈಪ್‌ಸ್ಕ್ರಿಪ್ಟ್ ಅನ್ನೋ ಭಾಷೆಯ ತಂಡ 2025ರ ಮಾರ್ಚ್‌ನಲ್ಲಿ ತನ್ನ ಕಂಪೈಲರನ್ನು (ಕೋಡ್ ಪರೀಕ್ಷಿಸಿ ಓಡುವ ರೂಪಕ್ಕೆ ತರುವ ಪ್ರೋಗ್ರಾಂ) ಗೋ ಭಾಷೆಗೆ ತರುತ್ತಿದ್ದೇವೆ ಅಂತ ಘೋಷಿಸಿತು. ವಿಎಸ್ ಕೋಡ್ ಎಡಿಟರ್‌ನ 15 ಲಕ್ಷ ಸಾಲು ಪರೀಕ್ಷಿಸಲು 77.8 ಸೆಕೆಂಡ್ ಬೇಕಿದ್ದದ್ದು 7.5ಕ್ಕೆ ಇಳಿಯಿತು ಅಂತ ತೋರಿಸಿತು. ಪೈಥಾನ್ ಲೋಕದಲ್ಲಿ ಕೋಡ್‌ನ ತಪ್ಪು ಹುಡುಕುವ ರಫ್, ಪ್ಯಾಕೇಜ್ ಹಾಕುವ ಯುವಿ, ಎರಡೂ ರಸ್ಟ್ ಭಾಷೆಯಲ್ಲಿವೆ. ಅಲ್ಲೆಲ್ಲ ರಾಶಿ ರಾಶಿ ಕೋಡ್ ಅಥವಾ ಪ್ಯಾಕೇಜ್‌ಗಳನ್ನು ಅಗಿಯುವ ಕೆಲಸ. ನನ್ನದು ಸೆಕೆಂಡಿಗೊಮ್ಮೆ ಎದ್ದು ನೂರು ಫೈಲ್ ಓದಿ ಮಲಗುವ ಕೆಲಸ.

ಪೈಥಾನ್ ಬಿಡಲು ಕಾರಣ ಬೇರೆ. ಸರ್ವರ್‌ನಲ್ಲಿ ಹಳೆಯ ಪೈಥಾನ್ ಇತ್ತು. ನಾನು ಬಳಸಿದ್ದ ಮ್ಯಾಚ್ ಹೇಳಿಕೆ 3.10ರಿಂದ ಮಾತ್ರ ಇದೆ. ಹಂಚಿಕೊಂಡ ಯಂತ್ರ, ಅಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡುವ ಹಾಗಿಲ್ಲ. ಒಂದು ಫೈಲ್ ಕಾಪಿ ಮಾಡಿ, ಓಡಿಸಿ, ಮುಗಿಸುವಂಥದ್ದು ಬೇಕಿತ್ತು.

ರಸ್ಟ್, ಮತ್ತು ಮುಚ್ಚಿದ ಲೈಬ್ರರಿ

ರಸ್ಟ್‌ನಲ್ಲಿ ಬರೆಯುವಾಗ ಖುಷಿಯಾಯಿತು, ಸುಳ್ಳು ಹೇಳಲ್ಲ. ಮೂರು ಕಂಪನಿಗೆ ಒಂದು ಇನಂ, ಅಂದರೆ ಇರಬಹುದಾದ ಆಯ್ಕೆಗಳ ಪಟ್ಟಿ. ಯಾವುದನ್ನಾದರೂ ಮರೆತರೆ ಕಂಪೈಲರ್ ಬಿಡೋದಿಲ್ಲ. ಕಾರ್ಡ್‌ಗೆ ಫ್ಯಾನ್ ಮಾಹಿತಿ ಇರಬಹುದು, ಇಲ್ಲದಿರಬಹುದು. ಅದನ್ನು ಆಪ್ಷನ್ ಅಂತ ಬರೆದರೆ ಮತ್ತೆ ಚಿಂತೆ ಇಲ್ಲ. ಎಎಂಡಿ ಮತ್ತು ಇಂಟೆಲ್ ಭಾಗ ಒಂದು ವಾರಾಂತ್ಯದಲ್ಲಿ ಮುಗಿಯಿತು.

ಉಳಿದದ್ದು ಎನ್‌ವಿಡಿಯಾ. ಇಲ್ಲಿ ಲೆಕ್ಕವೇ ಬೇರೆ. ಎಎಂಡಿಯ ಡ್ರೈವರ್ 2015ರಿಂದ ಮುಖ್ಯ ಕರ್ನಲ್‌ನಲ್ಲಿದೆ. ಇಂಟೆಲ್‌ನ ಹೊಸ ಎಕ್ಸ್‌ಇ ಡ್ರೈವರ್ 2024ರಲ್ಲಿ 6.8 ಕರ್ನಲ್ ಜೊತೆ ಬಂತು. ಎರಡೂ ಡ್ರೈವರ್‌ಗಳು ಹೆಚ್ಚಿನ ಅಂಕಿಗಳನ್ನು ಫೈಲ್‌ಗಳಾಗಿ ಎದುರಿಗೆ ಇಡುತ್ತವೆ. ಎನ್‌ವಿಡಿಯಾ 2022ರಲ್ಲಿ ಕರ್ನಲ್ ಭಾಗದ ಕೋಡ್ ತೆರೆದರೂ ಅಂಕಿಗಳು ಸಿಗೋದು ಎನ್‌ವಿಎಂಎಲ್ ಅನ್ನೋ ಮುಚ್ಚಿದ ಲೈಬ್ರರಿಯ ಮೂಲಕ. ಅದು ಡ್ರೈವರ್ ಜೊತೆ ಯಂತ್ರದಲ್ಲಿ ಬಂದು ಕೂತಿರುತ್ತದೆ. ನಮ್ಮ ಟೂಲ್ ಓಡುವಾಗ ಅದನ್ನು ಹುಡುಕಿ, ಒಳಗೆ ಎಳೆದುಕೊಂಡು, ಅದರ ಫಂಕ್ಷನ್‌ಗಳನ್ನು ಕರೆಯಬೇಕು.

ರಸ್ಟ್‌ನಲ್ಲಿ ಅದಕ್ಕೂ ಲೈಬ್ರರಿ ಇದೆ. ಸಾಲು ಹತ್ತೇ. ಡೆಸ್ಕ್‌ಟಾಪ್‌ನಲ್ಲಿ ಬಿಲ್ಡ್ ಮಾಡಿ ಸರ್ವರ್‌ಗೆ ಕಾಪಿ ಮಾಡಿದೆ. ಓಡಿಸಿದರೆ "ಜಿಲಿಬ್‌ಸಿ 2.34 ಸಿಗಲಿಲ್ಲ" ಅಂತ ಬಂತು. ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಹೆಚ್ಚಿನ ಪ್ರೋಗ್ರಾಂಗಳು ನೆಚ್ಚಿಕೊಂಡ ಮೂಲ ಲೈಬ್ರರಿ. ನನ್ನ ಯಂತ್ರ ಹೊಸದು, ಸರ್ವರ್ ಹಳೆಯದು. ಹೊಸ ಜಿಲಿಬ್‌ಸಿ ಎದುರು ಕಟ್ಟಿದ ಬೈನರಿ (ಬಿಲ್ಡ್ ಆದ ಪ್ರೋಗ್ರಾಂ ಫೈಲ್) ಹಳೆಯದರ ಮೇಲೆ ಸಾಮಾನ್ಯವಾಗಿ ಓಡಲ್ಲ.

ಸರಿ, ಎಲ್ಲರೂ ಹೇಳುವ ಔಷಧಿ ಮಸಲ್, ಜಿಲಿಬ್‌ಸಿ ಬದಲು ಬಳಸುವ ಚಿಕ್ಕ ಲೈಬ್ರರಿ. ಎಲ್ಲವನ್ನೂ ಒಳಗೇ ತುಂಬಿಕೊಂಡ ಸ್ಟಾಟಿಕ್ ಬೈನರಿ, ಯಾವ ಯಂತ್ರದ ಹಂಗೂ ಇಲ್ಲ. ಬಿಲ್ಡ್ ಮಾಡಿದೆ, ಕಾಪಿ ಮಾಡಿದೆ, ಓಡಿತು! ಆಮೇಲೆ ಎನ್‌ವಿಡಿಯಾ ಸಾಲಿನಲ್ಲಿ: "ಡೈನಾಮಿಕ್ ಲೋಡಿಂಗ್ ನಾಟ್ ಸಪೋರ್ಟೆಡ್".

ಯೋಚಿಸಿದರೆ ಸರಿಯೇ. ಯಾರ ಹಂಗೂ ಬೇಡ ಅಂತ ಬಾಗಿಲು ಹಾಕಿಕೊಂಡ ಮೇಲೆ ಹೊರಗಿನ ಲೈಬ್ರರಿ ಒಳಗೆ ಬರೋದು ಹೇಗೆ? ಸ್ಟಾಟಿಕ್ ಮಸಲ್ ಬೈನರಿಯಲ್ಲಿ, ಹೊರಗಿನ ಲೈಬ್ರರಿ ಎಳೆದುಕೊಳ್ಳುವ ಡಿಎಲ್‌ಓಪನ್ ಕರೆದರೆ ಆ ಉತ್ತರ ಕೊಟ್ಟು ಕೈ ತೊಳೆದುಕೊಳ್ಳುವ ಒಂದು ಖಾಲಿ ಫಂಕ್ಷನ್ ಇದೆ ಅಷ್ಟೆ. ಸ್ಟಾಟಿಕ್ ಬೇಕು, ಎನ್‌ವಿಎಂಎಲ್ ಕೂಡ ಬೇಕು. ಎರಡೂ ಒಟ್ಟಿಗೆ ಸಿಗಲ್ಲ.

ನನ್ನ ಭಾಷೆಯ ಆಯ್ಕೆ ಆಗಿದ್ದು ಇಲ್ಲಿ. ಬೆಂಚ್‌ಮಾರ್ಕ್ ನೋಡಿ ಅಲ್ಲ, ಮೆಮೊರಿ ಸುರಕ್ಷತೆಯ ವಾದ ಕೇಳಿ ಅಲ್ಲ. ಯಾರ ಜೊತೆ ಮಾತಾಡಬೇಕು, ಅವರು ಯಾವ ಬಾಗಿಲಲ್ಲಿ ಮಾತಾಡುತ್ತಾರೆ ಅನ್ನೋದು ನಿರ್ಧರಿಸಿತು. ಹಿಂದೆ ಇರುವ ಇಬ್ಬರು ಎಲ್ಲರೂ ಓದುವ ಫೈಲ್ ಇಟ್ಟಿದ್ದಾರೆ. ಮುಂದೆ ಇರುವವರಿಗೆ ಅದರ ದರ್ದು ಇಲ್ಲ, ಲೋಕವೇ ಅವರ ಲೈಬ್ರರಿ ಬಳಿಗೆ ಹೋಗುತ್ತದೆ. 2007ರಲ್ಲಿ ಎನ್‌ವಿಡಿಯಾ ಕಾರ್ಡ್‌ಗಳಲ್ಲಿ ಲೆಕ್ಕ ಮಾಡಿಸುವ ಕುಡಾದ ಮೊದಲ ಆವೃತ್ತಿ ಬಂದಾಗಿನಿಂದ ನಡೆದುಬಂದ ರೀತಿ ಅದು. ಮಾರುಕಟ್ಟೆಯ ಆಕಾರ ನನ್ನ ಬಿಲ್ಡ್ ಫೈಲ್‌ನಲ್ಲಿ ಹೀಗೆ ಬಂದು ಕೂರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಗೋ

ಗೋ ಹೆಸರಿಗೆ ತಕ್ಕ ಹಾಗೆ ಸಾಧು ಭಾಷೆ. ಒದೆಯಲ್ಲ, ಆದರೆ ಓಡು ಅಂದರೆ ತನ್ನ ಗತಿಯಲ್ಲೇ ನಡೆಯುತ್ತದೆ. ಸಿ ಕೋಡ್ ಜೊತೆ ಬೆಸೆಯುವ ಸಿಗೊ ಆಫ್ ಮಾಡಿ ಬಿಲ್ಡ್ ಮಾಡಿದರೆ ಯಾವ ಲಿನಕ್ಸ್‌ಗೆ ಬೇಕಾದರೂ ಹೋಗುವ ಒಂದು ಫೈಲ್ ಸಿಗುತ್ತದೆ. ಆದರೆ ಎನ್‌ವಿಎಂಎಲ್‌ಗೆ ಎನ್‌ವಿಡಿಯಾದವರೇ ಕೊಟ್ಟಿರುವ ಗೋ ಲೈಬ್ರರಿಗೆ ಸಿಗೊ ಬೇಕು. ಸಿಗೊ ಆನ್ ಮಾಡಿದ ತಕ್ಷಣ ಮತ್ತೆ ಜಿಲಿಬ್‌ಸಿ ಕಥೆ. ಅಂದರೆ ಗೋಡೆ ಅದೇ, ಬಣ್ಣ ಬೇರೆ.

ಆಗ ಹೊಳೆದದ್ದು: ಲೈಬ್ರರಿಯನ್ನು ನಾನೇ ಯಾಕೆ ಕರೆಯಬೇಕು? ಎನ್‌ವಿಡಿಯಾ ಡ್ರೈವರ್ ಇರುವ ಕಡೆ ಸಾಮಾನ್ಯವಾಗಿ ಎನ್‌ವಿಡಿಯಾ-ಎಸ್‌ಎಂಐ ಇರುತ್ತದೆ. ಅದನ್ನೇ ಮಗು ಪ್ರೋಸೆಸ್ ಆಗಿ ಓಡಿಸಿ, ಬೇಕಾದ ಅಂಕಿ ಸಿಎಸ್‌ವಿ (ನಡುವೆ ಅಲ್ಪವಿರಾಮ ಹಾಕಿದ) ರೂಪದಲ್ಲಿ ಸೆಕೆಂಡಿಗೊಂದು ಸಾಲು ಕೊಡು ಅಂದರೆ ಕೊಡುತ್ತದೆ. ಗೋದಲ್ಲಿ ಒಂದು ಗೋರೂಟೀನ್ (ಪಕ್ಕದಲ್ಲೇ ಓಡುವ ಚಿಕ್ಕ ಕೆಲಸ) ಕೂತು ಆ ಸಾಲುಗಳನ್ನು ಓದುತ್ತದೆ. ಸುಂದರವಾಗಿಲ್ಲ, ಆದರೆ ಕೆಲಸ ಮಾಡುತ್ತದೆ. ಮೊದಲು ಪ್ರತಿ ಸೆಕೆಂಡಿಗೆ ಹೊಸದಾಗಿ ಓಡಿಸುತ್ತಿದ್ದೆ. ಸರ್ವರ್‌ನಲ್ಲಿ ಬೇರೆ ಯಾರೂ ಕಾರ್ಡ್ ಬಳಸದಿದ್ದಾಗ ಪ್ರತಿ ಸಲವೂ ಕಾರ್ಡ್ ಹೊಸದಾಗಿ ಸಿದ್ಧವಾಗಬೇಕು, ಉತ್ತರ ತಡವಾಗುತ್ತಿತ್ತು. ಒಂದನ್ನೇ ಓಡಿಸಿಟ್ಟು ಸಾಲು ಓದುವುದೇ ಸರಿ.

"ಇದನ್ನು ರಸ್ಟ್‌ನಲ್ಲೂ ಮಾಡಬಹುದಿತ್ತಲ್ಲ?" ಮಾಡಬಹುದಿತ್ತು. ಅದಷ್ಟೇ ಅಲ್ಲ, ಜಿಗ್ ಭಾಷೆಯ ಕಂಪೈಲರ್ ಬಳಸಿ ಹಳೆಯ ಜಿಲಿಬ್‌ಸಿಗೆ ಗುರಿಯಿಟ್ಟು ರಸ್ಟ್ ಬಿಲ್ಡ್ ಮಾಡುವ ದಾರಿಯೂ ಇದೆ ಅಂತ ಆಮೇಲೆ ತಿಳಿಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲಾ ಅಲೆದ ಹಾಗಾಯಿತು. ಅಷ್ಟರಲ್ಲಿ ಗೋ ಆವೃತ್ತಿ ಎಲ್ಲ ಯಂತ್ರಗಳಲ್ಲಿ ಓಡುತ್ತಿತ್ತು. ಮತ್ತೆ ತಿರುಗಿಸುವ ಮನಸ್ಸಾಗಲಿಲ್ಲ. ಪೈಥಾನ್ ಕೋಡನ್ನು ಗೋಗೆ ಸಾಲಿಗೆ ಸಾಲು ಎಂಬಂತೆ ಇಳಿಸಿದ್ದೆ, ಅದೂ ಒಂದು ಸುಖ. ರಸ್ಟ್‌ನಲ್ಲಿ ಕಾರ್ಡ್ ಮತ್ತು ಪ್ರೋಸೆಸ್ ಒಂದನ್ನೊಂದು ಹಿಡಿದುಕೊಂಡಿದ್ದ ಕಡೆಯೆಲ್ಲ ರಚನೆಯನ್ನೇ ಬಿಚ್ಚಿ ಕಟ್ಟಬೇಕಾಗಿತ್ತು. ಟೈಪ್‌ಸ್ಕ್ರಿಪ್ಟ್ ತಂಡವೂ ಗೋ ಆರಿಸಿದ್ದಕ್ಕೆ ಹೇಳಿದ ಕಾರಣಗಳಲ್ಲಿ ಇದು ಒಂದು: ಹಳೆಯ ಕೋಡ್‌ನ ಆಕಾರ ಉಳಿಸಿಕೊಂಡೇ ದಾಟಬಹುದು.

ಸೊನ್ನೆ ಅಂದರೆ ಏನು

ಗೋದಲ್ಲಿ ನಾನು ಕಳೆದುಕೊಂಡದ್ದೂ ಇದೆ. ಬೆಲೆ ಕೊಡದ ಸಂಖ್ಯೆ ತಾನಾಗಿಯೇ ಸೊನ್ನೆ. ಟೂಲ್ "ಫ್ಯಾನ್: 0" ಅಂತ ತೋರಿಸಿತು. ಫ್ಯಾನ್ ನಿಂತಿದೆಯಾ, ಕೆಟ್ಟಿದೆಯಾ, ಅಥವಾ ಮಾಹಿತಿಯೇ ಇಲ್ಲವಾ? ಕಾರ್ಡ್ ತಣ್ಣಗಿದ್ದರೆ ಫ್ಯಾನ್ ನಿಲ್ಲಿಸುವುದು ಈಗ ಮಾಮೂಲಿ, ಹಾಗಾಗಿ ಸೊನ್ನೆ ನಿಜವಾದ ಉತ್ತರವೂ ಹೌದು. ಲ್ಯಾಪ್‌ಟಾಪ್‌ನಲ್ಲಂತೂ ಎನ್‌ವಿಡಿಯಾ-ಎಸ್‌ಎಂಐ ಫ್ಯಾನ್ ಜಾಗದಲ್ಲಿ ಚೌಕ ಆವರಣದೊಳಗೆ "ಎನ್/ಎ" ಅಂತ ಬರೆಯುತ್ತದೆ. ನನ್ನ ಕೋಡ್ ಅದನ್ನು ಸಂಖ್ಯೆ ಮಾಡಲು ಹೋಗಿ, ಆಗದೆ, ಎರರ್ ನುಂಗಿ, ಸೊನ್ನೆ ಕೊಡುತ್ತಿತ್ತು. ಎರರ್ ನುಂಗಿದ್ದು ನಾನೇ. ಗೋ ಕೈಗೆ ಕೊಟ್ಟಿತ್ತು, ನಾನು ಅಂಡರ್‌ಸ್ಕೋರ್ ಹಾಕಿ ಬಿಸಾಕಿದ್ದೆ. ಈಗ ಪ್ರತಿ ಅಳತೆಯ ಜೊತೆ "ಇದೆ, ಇಲ್ಲ" ಅನ್ನೋ ಒಂದು ಬೂಲ್ ಇದೆ. ಇಲ್ಲದಿದ್ದರೆ ಪರದೆಯಲ್ಲಿ ಅಡ್ಡಗೆರೆ. ರಸ್ಟ್‌ನಲ್ಲಿ ಈ ತಪ್ಪು ಮಾಡೋಕೆ ಇನ್ನೂ ಸ್ವಲ್ಪ ಕಷ್ಟಪಡಬೇಕಿತ್ತು.

88 ಬೈಟ್

ಇಂಟೆಲ್ ಕಾರ್ಡ್‌ಗೆ ಒಂದು ಸಂಜೆ ಪೂರ್ತಿ ಹೋಯಿತು. ಅದನ್ನು ಹೇಳಲೇಬೇಕು.

ಎಕ್ಸ್‌ಇ ಡ್ರೈವರ್‌ನಲ್ಲಿ ಕಾರ್ಡ್‌ನ ಮೆಮೊರಿ ಎಷ್ಟು ಅಂತ ಕೇಳೋಕೆ ಐಆಕ್ಟಲ್ ಅನ್ನೋ, ಡ್ರೈವರನ್ನೇ ನೇರವಾಗಿ ಕೇಳುವ ಕರೆ ಮಾಡಬೇಕು. ಎರಡು ಸಲ ಕೇಳುವ ಪದ್ಧತಿ. ಮೊದಲ ಸಲ ಸೊನ್ನೆ ಗಾತ್ರ ಕೊಟ್ಟು ಕೇಳಿದರೆ "ಇಷ್ಟು ಬೈಟ್ ಜಾಗ ಬೇಕು" ಅನ್ನುತ್ತದೆ. ಅಷ್ಟು ಜಾಗ ಮಾಡಿಕೊಂಡು ಎರಡನೇ ಸಲ ಕೇಳಿದರೆ ಮಾಹಿತಿ ತುಂಬಿ ಕೊಡುತ್ತದೆ. ಇದಕ್ಕೆ ಸಿಗೊ ಬೇಡ, ಗೋದಿಂದಲೇ ನೇರವಾಗಿ ಆಗುತ್ತದೆ. ಉತ್ತರದಲ್ಲಿ ಮೊದಲು ಯಂತ್ರದ ಮೆಮೊರಿ, ಆಮೇಲೆ ಕಾರ್ಡ್ ಮೆಮೊರಿ.

ನನಗೆ ಯಂತ್ರದ ಮೆಮೊರಿ ಸರಿಯಾಗಿ ಬಂತು. ಕಾರ್ಡ್ ಮೆಮೊರಿ ಸೊನ್ನೆ. 12 ಜಿಬಿ ಕಾರ್ಡ್‌ಗೆ ಸೊನ್ನೆ!

ಪರ್ಮಿಷನ್ ತೊಂದರೆ ಅಂತ ಗಟ್ಟಿಯಾಗಿ ನಂಬಿದೆ. ನಂಬೋಕೆ ಕಾರಣವೂ ಇತ್ತು. ಈ ಕರೆಯಲ್ಲಿ "ಎಷ್ಟು ಬಳಕೆಯಾಗಿದೆ" ಅನ್ನೋ ಅಂಕಿ ವಿಶೇಷ ಅನುಮತಿ ಇಲ್ಲದವರಿಗೆ ಯಾವಾಗಲೂ ಸೊನ್ನೆಯೇ ಬರುತ್ತದೆ ಅಂತ ಈ ಕರೆಯ ರೂಪ ವಿವರಿಸುವ ಹೆಡರ್ ಫೈಲ್‌ನಲ್ಲೇ ಬರೆದಿದೆ. ರೂಟ್ (ಎಲ್ಲ ಅನುಮತಿ ಇರುವ ಬಳಕೆದಾರ) ಆಗಿ ಓಡಿಸಿದೆ. ಸೊನ್ನೆ. ಕರ್ನಲ್ ಬದಲಿಸಿದೆ. ಸೊನ್ನೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಡ್ರೈವರನ್ನು ಬೈದುಕೊಂಡೆ.

ಕೊನೆಗೆ ಬಂದ ಬೈಟ್‌ಗಳನ್ನೆಲ್ಲ ಪರದೆ ಮೇಲೆ ಸುರಿದು ಬೆರಳಿಟ್ಟು ಎಣಿಸಿದೆ. ಒಂದು ಮೆಮೊರಿ ವಲಯದ ವಿವರದಲ್ಲಿ ಎರಡು 2 ಬೈಟ್ ಸಂಖ್ಯೆ, ಒಂದು 4 ಬೈಟ್ ಸಂಖ್ಯೆ, ನಾಲ್ಕು 8 ಬೈಟ್ ಸಂಖ್ಯೆ. ಒಟ್ಟು 40. ನನ್ನ ಗೋ ಸ್ಟ್ರಕ್ಟ್ (ಈ ಬೈಟ್‌ಗಳನ್ನು ಓದುವ ಅಚ್ಚು) ಅಲ್ಲಿಗೆ ಮುಗಿದಿತ್ತು. ಆದರೆ ಹೆಡರ್‌ನಲ್ಲಿ ಕೊನೆಗೆ ಇನ್ನೊಂದು ಸಾಲಿದೆ: ಮುಂದೆ ಬೇಕಾದರೆ ಅಂತ ಕಾದಿರಿಸಿದ ಆರು 8 ಬೈಟ್ ಜಾಗ. 48 ಸೇರಿದರೆ 88. ನಾನು 40ನೇ ಬೈಟ್‌ನಿಂದ ಎರಡನೇ ವಲಯ ಶುರು ಅಂದುಕೊಂಡು, ಖಾಲಿ ಬಿಟ್ಟ ಜಾಗವನ್ನು ಓದುತ್ತಿದ್ದೆ. ಖಾಲಿ ಜಾಗದಲ್ಲಿ ಸೊನ್ನೆಯೇ ಇರೋದು. "ರಿಸರ್ವ್ಡ್ ತಾನೇ, ಯಾರಿಗೆ ಬೇಕು" ಅಂತ ಟೈಪ್ ಮಾಡುವಾಗ ಬಿಟ್ಟಿದ್ದೆ.

ಒಂದು ಸಾಲು ಸೇರಿಸಿದೆ. 12 ಜಿಬಿ ಬಂತು.

ಇಂಟೆಲ್ ಕಡೆ ಇನ್ನೆರಡು ವಿಷಯ ಬೇರೆ ಥರ. ಎಎಂಡಿಯಲ್ಲಿ ಎಂಜಿನ್ ಓಡಿದ ಸಮಯ ನ್ಯಾನೊಸೆಕೆಂಡ್‌ನಲ್ಲಿ ಸಿಗುತ್ತದೆ. ಎಕ್ಸ್‌ಇಯಲ್ಲಿ ಸಿಗೋದು ಓಡಿದ ಸೈಕಲ್ ಮತ್ತು ಒಟ್ಟು ಸೈಕಲ್. ಎರಡರ ಏರಿಕೆ ನೋಡಿ ಭಾಗಿಸಬೇಕು. ಎಫ್‌ಡಿಇನ್ಫೊಗೆ ನಿಯಮ ಇದೆ, ಆದರೆ ನಿಯಮದೊಳಗೇ ಎರಡು ದಾರಿ. ಕರೆಂಟ್ ಲೆಕ್ಕವೂ ಹಾಗೇ. ಎಎಂಡಿ ನೇರವಾಗಿ ಮೈಕ್ರೊವಾಟ್ ಕೊಡುತ್ತದೆ. ಇಂಟೆಲ್ ಇಲ್ಲಿಯವರೆಗೆ ಉರಿದ ಒಟ್ಟು ಶಕ್ತಿಯನ್ನು ಮೈಕ್ರೊಜೂಲ್‌ನಲ್ಲಿ ಕೊಡುತ್ತದೆ, ಕರೆಂಟ್ ಮೀಟರ್ ಥರ. ಹಿಂದಿನ ರೀಡಿಂಗ್ ಕಳೆದು ಸಮಯದಿಂದ ಭಾಗಿಸಬೇಕು. ನಾನು "ಸೆಕೆಂಡಿಗೊಮ್ಮೆ ಓದುತ್ತೇನೆ, ಹಾಗಾದರೆ 1ರಿಂದ ಭಾಗ" ಅಂತ ಬರೆದಿದ್ದೆ. ಯಂತ್ರದ ಮೇಲೆ ಹೊರೆ ಬಿದ್ದಾಗ ಒಂದು ಸುತ್ತು 1.3 ಸೆಕೆಂಡ್ ಆಗುತ್ತಿತ್ತು. 100 ವಾಟ್ ಉರಿಯುತ್ತಿದ್ದರೆ 130 ಅಂತ ತೋರಿಸುತ್ತಿತ್ತು. ಹೊರೆ ಇದ್ದಾಗ ಮಾತ್ರ ತಪ್ಪು, ಅದೇ ಸಮಯದಲ್ಲಿ ಜಾಸ್ತಿ ಇರಬೇಕಾದದ್ದೂ ಸಹಜ, ಹಾಗಾಗಿ ಬಹಳ ದಿನ ಅನುಮಾನವೇ ಬರಲಿಲ್ಲ. ಗಡಿಯಾರ ನೋಡಿ ಭಾಗಿಸಿದ ಮೇಲೆ ಸರಿಹೋಯಿತು.

ಮಲಗಿದ ಕಾರ್ಡ್

ಲ್ಯಾಪ್‌ಟಾಪ್‌ನಲ್ಲಿ ಟೂಲ್ ಹಾಕಿದ ದಿನ ಬ್ಯಾಟರಿ ಬೇಗ ಮುಗಿಯಿತು. ಮರುದಿನವೂ. ಅದರಲ್ಲಿರುವ ಎನ್‌ವಿಡಿಯಾ ಕಾರ್ಡ್ ಕೆಲಸವಿಲ್ಲದಾಗ ಪೂರ್ತಿ ಮಲಗುತ್ತದೆ. ನನ್ನ ಟೂಲ್ ಸೆಕೆಂಡಿಗೊಮ್ಮೆ "ಮಲಗಿದ್ದೀಯಾ?" ಅಂತ ಕೇಳಿ ಎಬ್ಬಿಸುತ್ತಿತ್ತು.

ಎಬ್ಬಿಸದೆ ಕೇಳುವ ದಾರಿ ಕರ್ನಲ್‌ನಲ್ಲಿದೆ. ರನ್‌ಟೈಮ್ ಸ್ಟೇಟಸ್ ಅಂತ ಒಂದು ಫೈಲ್, ಅದನ್ನು ಓದಿದರೆ ಕಾರ್ಡ್ ಏಳುವುದಿಲ್ಲ. "ಸಸ್ಪೆಂಡೆಡ್" ಅಂತಿದ್ದರೆ ಮುಟ್ಟುವುದಿಲ್ಲ, ಪರದೆಯಲ್ಲಿ "ನಿದ್ದೆ" ಅಂತ ತೋರಿಸುತ್ತೇನೆ. ಎಚ್ಚರವಿದ್ದರೆ ಒಂದು ಸಲ ಕೇಳುತ್ತೇನೆ. ಬಳಕೆ ಸೊನ್ನೆ ಇದ್ದರೆ ಒಂದು ನಿಮಿಷ ಆ ಕಡೆ ತಲೆ ಹಾಕುವುದಿಲ್ಲ, ಅಷ್ಟರಲ್ಲಿ ಅದು ಮಲಗಲಿ ಅಂತ. ಸೆಕೆಂಡಿಗೊಂದು ಸಾಲು ಕೊಡುವ ಮಗು ಪ್ರೋಸೆಸ್ ಸರ್ವರ್‌ನಲ್ಲಿ ಮಾತ್ರ.

ಈಗಿನ ಸ್ಥಿತಿ

ಟೂಲನ್ನು ನಾಲ್ಕು ಜನರಿಗೆ ಕೊಟ್ಟಿದ್ದೇನೆ. ನಾಲ್ವರ ಹತ್ತಿರವೂ ಇರೋದು ಎನ್‌ವಿಡಿಯಾ. ಒಂದು ಸಂಜೆ ಬೈಟ್ ಎಣಿಸಿ ಬರೆದ ಇಂಟೆಲ್ ಕೋಡ್, ಕ್ಲೈಂಟ್ ಐಡಿ ಹಿಡಿದು ಸರಿ ಮಾಡಿದ ಎಎಂಡಿ ಕೋಡ್, ಎರಡೂ ಓಡೋದು ನನ್ನ ಒಂದು ಡೆಸ್ಕ್‌ಟಾಪ್‌ನಲ್ಲಿ. ಅವರೆಲ್ಲ ಬಳಸೋದು ಎನ್‌ವಿಡಿಯಾ-ಎಸ್‌ಎಂಐ ಸಾಲನ್ನು ಅಲ್ಪವಿರಾಮದ ಹತ್ತಿರ ಕತ್ತರಿಸುವ ಭಾಗವನ್ನು. ಇಡೀ ಟೂಲ್‌ನಲ್ಲಿ ನನಗೆ ನಾಚಿಕೆಯಾಗುವ ಫೈಲ್ ಅದೊಂದೇ.

ಅದನ್ನು ಕಿತ್ತೆಸೆಯುವ ದಿನ ಬರಬಹುದು. ಎನ್‌ವಿಡಿಯಾದ ಹೊಸ ಕಾರ್ಡ್‌ಗಳಿಗೆ ನೋವಾ ಅನ್ನೋ ತೆರೆದ ಡ್ರೈವರ್ ಕಟ್ಟುತ್ತಿದ್ದಾರೆ. ಅದರ ಮೊದಲ ತುಣುಕು 2025ರಲ್ಲಿ 6.15 ಕರ್ನಲ್‌ಗೆ ಸೇರಿತು. ಬರೆಯುತ್ತಿರುವುದು ರಸ್ಟ್‌ನಲ್ಲಿ. ಅದು ಬೆಳೆದು ಎಫ್‌ಡಿಇನ್ಫೊ ಕೊಟ್ಟರೆ ಎನ್‌ವಿಡಿಯಾವೂ ಉಳಿದಿಬ್ಬರ ಹಾಗೆ ಹೆಚ್ಚುಕಡಿಮೆ ಫೈಲ್ ಓದುವ ಕೆಲಸ. ಆ ನಾಚಿಕೆಯ ಫೈಲ್‌ನ ಮೊದಲ ಸಾಲಲ್ಲಿ ಒಂದು ಕಾಮೆಂಟ್ ಹಾಕಿಟ್ಟಿದ್ದೇನೆ: "ನೋವಾ ಬಂದರೆ ಇದನ್ನು ಅಳಿಸು. ಅಲ್ಲಿಯವರೆಗೆ ಮುಟ್ಟಬೇಡ, ಓಡುತ್ತಿದೆ."